ಸಹಿಗೆ ಪರವಾನಿಗೆ ಉಂಟು, ಸುತ್ತಿಗೆಗೆ ಇಲ್ಲ

ಮಳೆಗಾಲ ಸಮೀಪಿಸುತ್ತಿದ್ದಂತೆ ಮುಂಬಯಿ ಮತ್ತು ಸುತ್ತಲಿನ ಮಹಾನಗರ ಪಾಲಿಕೆಗಳು ಅಪಾಯಕಾರಿ ಕಟ್ಟಡಗಳ ಪಟ್ಟಿಯನ್ನು ಪ್ರಕಟಿಸುವುದು ವಾಡಿಕೆ. ಪಟ್ಟಿಯಲ್ಲಿ ಕಟ್ಟಡದ ಹೆಸರು, ವಾರ್ಡು, ರಸ್ತೆ ಎಲ್ಲವೂ ಇರುತ್ತದೆ. ಆದರೆ ಆ ಕಟ್ಟಡದ ನೆಲ ಅಂತಸ್ತಿನ ಅಂಗಡಿಯನ್ನು ವಿಶಾಲಗೊಳಿಸಲು ಗೋಡೆ ಒಡೆದವರು ಯಾರು, ಮೂರನೇ ಮಾಳಿಗೆಯ ಬಚ್ಚಲಿನ ಪೈಪು ಬದಲಿಸಿದವರು ಯಾರು, ಬಿರುಕು ಬಿಟ್ಟ ಪಿಲ್ಲರಿಗೆ ಮೇಲಿಂದ ಸಿಮೆಂಟು ಬಳಿದು ದುರಸ್ತಿ ಮುಗಿಯಿತೆಂದು ಬಿಲ್ಲು ಕೊಟ್ಟವರು ಯಾರು ಎಂಬುದು ಯಾವ ಪಟ್ಟಿಯಲ್ಲೂ ಸಿಗದು. ಸಿಗಬೇಕೆಂದು ಕೇಳಿದವರೂ ಕಡಿಮೆ.

ಈ ಪ್ರಶ್ನೆ ಮುಂಬಯಿಯಲ್ಲಿ ಎಷ್ಟು ಜೀವಗಳ ಪ್ರಶ್ನೆಯೆಂಬುದನ್ನು ನೆನಪಿಸಿಕೊಳ್ಳಲು ಬಹಳ ಹಿಂದೆ ಹೋಗಬೇಕಾಗಿಲ್ಲ. 2007ರ ಜುಲೈಯಲ್ಲಿ ಬೊರಿವಲಿ ಪಶ್ಚಿಮದ ಲಕ್ಷ್ಮೀ ಛಾಯಾ ಕಟ್ಟಡ ಕುಸಿದು ಸುಮಾರು 30 ಮಂದಿ ಮೃತಪಟ್ಟರು. ನೆಲ ಅಂತಸ್ತಿನ ಅಂಗಡಿಯೊಂದರ ನವೀಕರಣವೇ ಕಾರಣವೆಂಬ ಮಾತು ಆಗ ಎಲ್ಲೆಡೆ ಕೇಳಿಬಂತು. 2013ರ ಸೆಪ್ಟೆಂಬರಿನಲ್ಲಿ ಡಾಕ್‌ಯಾರ್ಡ್ ರೋಡ್ ಪರಿಸರದಲ್ಲಿ ಪಾಲಿಕೆಯ ನೌಕರರೇ ವಾಸವಾಗಿದ್ದ ಕಟ್ಟಡ ಉರುಳಿ 61 ಮಂದಿ ಅಸುನೀಗಿದರು. ಅಲ್ಲಿಯೂ ತನಿಖೆಯ ಬೆರಳು ತೋರಿಸಿದ್ದು ನೆಲ ಅಂತಸ್ತಿನ ಗೋದಾಮಿನಲ್ಲಿ ನಡೆದಿದ್ದ ಮಾರ್ಪಾಡಿನತ್ತ. 2017ರ ಜುಲೈಯಲ್ಲಿ ಘಾಟ್‌ಕೋಪರಿನ ಸಿದ್ಧಿ ಸಾಯಿ ಕಟ್ಟಡ ಕುಸಿದು 17 ಮಂದಿ ಸತ್ತರು. ಮತ್ತೆ ನೆಲ ಅಂತಸ್ತು, ಮತ್ತೆ ನವೀಕರಣ, ಮತ್ತೆ ಪಿಲ್ಲರಿಗೆ ಕೈ ಹಾಕಿದ ಆರೋಪ. ಹತ್ತು ವರ್ಷಗಳ ಅವಧಿಯಲ್ಲಿ ಮೂರು ಸಲ ಒಂದೇ ಬಗೆಯ ಕಥೆ ಮರುಕಳಿಸಿದರೆ ಅದನ್ನು ಆಕಸ್ಮಿಕ ಎನ್ನುವುದು ಹೇಗೆ?

ಬುಡದಿಂದಲೇ ಕೆಟ್ಟು ಕಟ್ಟಿದ ಕಟ್ಟಡಗಳ ಪಟ್ಟಿ ಬೇರೆಯೇ ಇದೆ. 2013ರ ಏಪ್ರಿಲಿನಲ್ಲಿ ಮುಂಬ್ರಾ ಸಮೀಪ ನಿರ್ಮಾಣ ಹಂತದಲ್ಲಿದ್ದ ಅಕ್ರಮ ಕಟ್ಟಡ 74 ಮಂದಿಯನ್ನು ಬಲಿ ತೆಗೆದುಕೊಂಡಿತು. 2020ರಲ್ಲಿ ಮಹಾಡ್‌ನಲ್ಲಿ 16 ಮಂದಿ ಸತ್ತ ಕಟ್ಟಡಕ್ಕೆ ಹೆಚ್ಚು ವಯಸ್ಸೂ ಆಗಿರಲಿಲ್ಲ. 2025ರ ಆಗಸ್ಟಿನಲ್ಲಿ ವಿರಾರ್‌ನ ರಮಾಬಾಯಿ ಅಪಾರ್ಟ್‌ಮೆಂಟಿನ ಒಂದು ಭಾಗ ಕುಸಿದು 17 ಮಂದಿ ಮೃತಪಟ್ಟರು. ನಾಲಾಸೋಪಾರ, ವಿರಾರ್, ದಿವಾ, ಡೊಂಬಿವಲಿ ಎಂದರೆ ತುಳು-ಕನ್ನಡಿಗರಿಗೆ ದೂರದ ಊರುಗಳಲ್ಲ. ಮುಂಬಯಿಯೊಳಗೆ ಮನೆ ಕೊಳ್ಳಲಾಗದ ಮಧ್ಯಮ ವರ್ಗದ ಸಾವಿರಾರು ಕುಟುಂಬಗಳು ಹೊಟೇಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದು ಕೂಡಿಟ್ಟ ಹಣವನ್ನು ಹಾಕಿದ್ದು ಇಂತಹ ಊರುಗಳಲ್ಲೇ.

ಊರಿನ ಕಡೆಯೂ ಪರಿಸ್ಥಿತಿ ಭಿನ್ನವೇನಲ್ಲ. 1983ರಲ್ಲಿ ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಬಳಿ ಗಂಗಾರಾಮ್ ಕಟ್ಟಡ ಕುಸಿದು 123 ಮಂದಿ ಸತ್ತದ್ದನ್ನು ಹಿರಿಯರು ಮರೆತಿರಲಾರರು. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ 19 ಮಂದಿ ಬಲಿಯಾದರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದು ಸತ್ತವರೆಲ್ಲ ದುಡಿಯಲು ಬಂದ ಬಡವರು.

ಹಾಗೆಂದು ಪರವಾನಿಗೆಯ ಪದ್ಧತಿಯೇ ಇಲ್ಲವೆಂದಲ್ಲ. 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆಯಲ್ಲೇ ಸರ್ವೇಯರ್ ಮತ್ತು ಪ್ಲಂಬರ್‌ಗಳಿಗೆ ಪರವಾನಿಗೆ ನೀಡುವ ಏರ್ಪಾಡಿದೆ. ಕಟ್ಟಡಕ್ಕೆ ನೀರಿನ ಸಂಪರ್ಕ ಬೇಕಿದ್ದರೆ ಪಾಲಿಕೆಯ ಪರವಾನಿಗೆ ಪಡೆದ ಪ್ಲಂಬರ್ ಮೂಲಕ ಅರ್ಜಿ ಹೋಗಬೇಕು. ನಕ್ಷೆ ಮಂಜೂರಾಗಲು ಆರ್ಕಿಟೆಕ್ಟ್ ಅಥವಾ ಪರವಾನಿಗೆ ಪಡೆದ ಸರ್ವೇಯರ್ ಸಹಿ ಬೇಕು, ಕಟ್ಟಡದ ಭದ್ರತೆಗೆ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಬೇಕು. ಆದರೆ ಈ ವ್ಯವಸ್ಥೆ ಎಣಿಸುವುದು ಸಹಿಗಳನ್ನು. ಸಹಿ ಹಾಕಿದವರು ಕೆಲಸದ ಸ್ಥಳಕ್ಕೆ ಎಷ್ಟು ಸಲ ಬಂದರು, ಕಬ್ಬಿಣ ಕಟ್ಟಿದವರು ಯಾರು, ಪೈಪು ಜೋಡಿಸಿದವರು ಯಾರು ಎಂದು ಕೇಳುವವರಿಲ್ಲ. ಪರವಾನಿಗೆ ಒಬ್ಬರದ್ದು, ಕೆಲಸ ಇನ್ನೊಬ್ಬರದ್ದು ಎಂಬ ರೂಢಿ ಎಷ್ಟು ಹಳೆಯದೆಂದರೆ ಅದನ್ನು ತಪ್ಪೆಂದು ಭಾವಿಸುವವರೇ ವಿರಳ. ಫೈಲಿಗೆ ಸಹಿ ಹಾಕಲು ಇಂತಿಷ್ಟು ಎಂಬ ದರವನ್ನು ಚಾವಡಿಯ ಮಾತಿನಂತೆ ಬಹಿರಂಗವಾಗಿಯೇ ಆಡುತ್ತಾರೆ.

ಮೇಲಿನ ಹಂತದಲ್ಲೂ ಬಿರುಕುಗಳಿವೆ. ವೈದ್ಯರಿಗೆ, ವಕೀಲರಿಗೆ ಇರುವಂತೆ ಇಂಜಿನಿಯರುಗಳಿಗೆ ದೇಶವ್ಯಾಪಿ ನೋಂದಣಿಯ ಕಾಯ್ದೆ ಇಲ್ಲ. ಆರ್ಕಿಟೆಕ್ಟರಿಗೆ 1972ರ ಕಾಯ್ದೆ ಇದೆ ನಿಜ. ಆದರೆ ಆ ಕಾಯ್ದೆ ಆರ್ಕಿಟೆಕ್ಟ್ ಎಂಬ ಹೆಸರನ್ನಷ್ಟೇ ರಕ್ಷಿಸುತ್ತದೆ, ಆ ಕೆಲಸವನ್ನು ಬೇರೆಯವರು ಮಾಡದಂತೆ ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಯಾವ ಕೆಲಸಕ್ಕೆ ಯಾವ ಅರ್ಹತೆ ಇರಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಿವರವಾಗಿ ಬರೆದಿದ್ದರೂ ಅದು ಶಿಫಾರಸು ಮಾತ್ರ. ಸ್ಥಳೀಯ ಸಂಸ್ಥೆಗಳು ತಮ್ಮ ನಿಯಮಾವಳಿಗೆ ಸೇರಿಸಿಕೊಂಡರಷ್ಟೇ ಅದಕ್ಕೆ ಬಲ.

ಇದನ್ನು ವಿದ್ಯುತ್ ಕೆಲಸದೊಡನೆ ಹೋಲಿಸಿ ನೋಡಬೇಕು. ಹೊಸ ಮೀಟರು ಬೇಕಿದ್ದರೆ ಪರವಾನಿಗೆ ಇರುವ ವಿದ್ಯುತ್ ಗುತ್ತಿಗೆದಾರನ ಟೆಸ್ಟ್ ರಿಪೋರ್ಟ್ ಇಲ್ಲದೆ ಕಂಪೆನಿ ಒಪ್ಪುವುದಿಲ್ಲ. ವಯರ್‌ಮನ್‌ಗೆ, ಸೂಪರ್‌ವೈಸರ್‌ಗೆ, ಗುತ್ತಿಗೆದಾರನಿಗೆ ಪ್ರತ್ಯೇಕ ಪರವಾನಿಗೆಗಳಿವೆ. ಅಲ್ಲಿಯೂ ಸಹಿ ಮಾರಾಟ ನಡೆಯುವುದಿಲ್ಲವೆಂದು ಎದೆ ತಟ್ಟಿ ಹೇಳಲಾಗದು, ಆದರೂ ಹಂತಗಳಾದರೂ ಇವೆ. ಅಡುಗೆ ಮನೆಗೆ ಬಂದ ಗ್ಯಾಸ್ ಪೈಪನ್ನು ಬೀದಿಯ ಮೂಲೆಯ ಪ್ಲಂಬರಿನ ಕೈಗೆ ಕೊಡಲು ಯಾವ ಗೃಹಿಣಿಯೂ ಒಪ್ಪಲಾರಳು. ಅದೇ ಮನೆಯ ಗೋಡೆ, ಸ್ಲ್ಯಾಬು, ಬಚ್ಚಲಿನ ವಿಷಯಕ್ಕೆ ಬಂದಾಗ ಯಾರಾದರೂ ಆದೀತು.

ಇನ್ನೊಂದು ಹೋಲಿಕೆ ಇದಕ್ಕಿಂತ ಸೋಜಿಗದ್ದು. 2016ರ ರೇರಾ ಕಾಯ್ದೆಯ ಪ್ರಕಾರ ನೋಂದಾಯಿತ ಯೋಜನೆಗಳ ಫ್ಲ್ಯಾಟು ಮಾರಿಸಿಕೊಡುವ ದಲಾಲ ನೋಂದಣಿ ಮಾಡಿಕೊಳ್ಳಬೇಕು. ಮಹಾರಾಷ್ಟ್ರದಲ್ಲಿ 2023ರಿಂದೀಚೆಗೆ ಆತ ತರಬೇತಿ ಪಡೆದು ಪರೀಕ್ಷೆಯನ್ನೂ ಪಾಸು ಮಾಡಬೇಕೆಂಬ ನಿಯಮ ಬಂದಿದೆ. ಒಳ್ಳೆಯದೇ. ಆದರೆ ಮನೆಯನ್ನು ತೋರಿಸುವವನಿಗೆ ಪರೀಕ್ಷೆ, ಅದೇ ಮನೆಯ ಬೀಮು ಕೊರೆಯುವವನಿಗೆ ಏನೂ ಇಲ್ಲ ಎಂದರೆ ಅದು ಯಾವ ನ್ಯಾಯ? ಬಿಲ್ಡರನ ಕಾಮಗಾರಿಯ ಭದ್ರತಾ ದೋಷಕ್ಕೆ ರೇರಾ ಅಡಿಯಲ್ಲಿ ಐದು ವರ್ಷಗಳ ಹೊಣೆಯೂ ಇದೆ. ಕೀಲಿ ಕೈ ಸೇರಿದ ಮರುದಿನ ಫ್ಲ್ಯಾಟಿನೊಳಗೆ ಶುರುವಾಗುವ ಒಡೆಯುವ ಕೆಲಸಕ್ಕೆ ಯಾರ ಹೊಣೆಯೂ ಇಲ್ಲ.

ಆ ಒಡೆಯುವ ಕೆಲಸ ಏನೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಪಿಲ್ಲರ್ ಕಡಿಯುವುದಷ್ಟೇ ಅಪಾಯವೆಂದು ಬಹುತೇಕ ಮಂದಿ ತಿಳಿದಿದ್ದಾರೆ. ಮುಂಬಯಿಯ ಹಳೆಯ ಕಟ್ಟಡಗಳನ್ನು ನಿಧಾನವಾಗಿ ತಿನ್ನುವುದು ನೀರು. ಬಚ್ಚಲಿನ ಸ್ಲ್ಯಾಬನ್ನು ಸಾಮಾನ್ಯವಾಗಿ ಕೆಲವು ಇಂಚು ತಗ್ಗಿಸಿ ಕಟ್ಟಿರುತ್ತಾರೆ. ಆ ತಗ್ಗಿನಲ್ಲಿ ಇಟ್ಟಿಗೆ ಚೂರು ಮತ್ತು ಸಿಮೆಂಟು ಹಾಕಿ ಕೋಬಾ ಮಾಡಿ, ನೀರು ಇಳಿಯದಂತೆ ಪದರ ಎಳೆದು, ಅದರ ಮೇಲೆ ಟೈಲ್ಸ್ ಕೂರಿಸುತ್ತಾರೆ. ನೀರು ಹೊರಹೋಗುವ ನಹಾಣಿ ಟ್ರ್ಯಾಪ್ ಈ ಪದರದೊಳಗೇ ಕುಳಿತಿರುತ್ತದೆ. ಮನೆ ಕೊಂಡವರಿಗೆ ಹಳೆಯ ಟೈಲ್ಸ್ ಹಿಡಿಸುವುದಿಲ್ಲ. ಎರಡು ದಿನದಲ್ಲಿ ಮುಗಿಸಬೇಕೆಂಬ ಆತುರದಲ್ಲಿ ಕೋಬಾ ಒಡೆಯುತ್ತಾರೆ, ಟ್ರ್ಯಾಪನ್ನು ಒಂದು ಅಡಿ ಆಚೆಗೆ ಸರಿಸುತ್ತಾರೆ, ಪೈಪನ್ನು ಗೋಡೆಯೊಳಗೆ ಮುಚ್ಚಲು ಗೋಡೆಯನ್ನೂ ಕೆಲವೊಮ್ಮೆ ಬೀಮನ್ನೂ ಕೊರೆಯುತ್ತಾರೆ. ನೀರು ಬಿಟ್ಟು ನಾಲ್ಕು ದಿನ ಪರೀಕ್ಷಿಸುವ ತಾಳ್ಮೆ ಯಾರಿಗಿದೆ? ಮೇಲೆ ಹೊಳೆಯುವ ಹೊಸ ಟೈಲ್ಸ್ ಬಂತು, ಕೆಲಸ ಮುಗಿಯಿತು, ಹಣ ಪಾವತಿಯಾಯಿತು.

ಮರು ಮಳೆಗಾಲಕ್ಕೆ ಕೆಳಗಿನ ಮನೆಯ ಮಾಡಿನಲ್ಲಿ ಹಸಿ ಕಲೆ ಕಾಣಿಸುತ್ತದೆ. ಮೇಲಿನವರಿಗೂ ಕೆಳಗಿನವರಿಗೂ ಮಾತು ಬೆಳೆಯುತ್ತದೆ, ಸೊಸೈಟಿಯ ಸಭೆಯಲ್ಲಿ ಜಗಳವಾಗುತ್ತದೆ. ಈ ನಡುವೆ ಸ್ಲ್ಯಾಬಿನೊಳಗಿನ ಕಬ್ಬಿಣ ಸದ್ದಿಲ್ಲದೆ ತುಕ್ಕು ಹಿಡಿಯುತ್ತಿರುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಊದಿಕೊಂಡಾಗ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. ಸಮುದ್ರದ ಉಪ್ಪು ಗಾಳಿ ಇರುವ ಈ ಊರಿನಲ್ಲಿ ಆ ಕೆಲಸ ಇನ್ನೂ ಬೇಗ ನಡೆಯುತ್ತದೆ. ಹಳೆಯ ಟೈಲ್ಸ್ ತೆಗೆಯುವ ರಗಳೆ ಬೇಡವೆಂದು ಅದರ ಮೇಲೆಯೇ ಹೊಸದನ್ನು ಹಾಸುವವರೂ ಇದ್ದಾರೆ. 100 ಚದರಡಿಯ ಕೋಣೆಯಲ್ಲಿ ಗಾರೆ-ಟೈಲ್ಸ್ ಸೇರಿ 2 ಇಂಚು ದಪ್ಪ ಹೆಚ್ಚಿದರೆ ಸ್ಲ್ಯಾಬಿನ ಮೇಲೆ ಸುಮಾರು ಒಂದು ಟನ್ ಭಾರ ಹೆಚ್ಚುತ್ತದೆ. ಏಳು ಮಾಳಿಗೆಯ ಕಟ್ಟಡದಲ್ಲಿ ಎಲ್ಲರೂ ಹೀಗೆಯೇ ಮಾಡಿದರೆ ಎಷ್ಟಾಯಿತೆಂದು ಲೆಕ್ಕ ಹಾಕಲು ಇಂಜಿನಿಯರ್ ಬೇಕಾಗಿಲ್ಲ.

ಪ್ಲಂಬರನನ್ನು ದೂರಿ ಸುಮ್ಮನಾಗುವುದೂ ಸರಿಯಲ್ಲ. ಕೆಲಸವೇ ಬದಲಾಗಿದೆ. ಹಿಂದೆ ಕಬ್ಬಿಣದ ಜಿ.ಐ. ಪೈಪಿಗೆ ಥ್ರೆಡ್ ಹಾಕಿ, ಸೆಣಬು ಸುತ್ತಿ ಬಿಗಿಯುವುದೇ ಪ್ಲಂಬಿಂಗ್ ಆಗಿತ್ತು. ಇಂದು ಸಿ.ಪಿ.ವಿ.ಸಿ. ಪೈಪಿಗೆ ಅದರದ್ದೇ ಆದ ಅಂಟು ಬೇಕು, ಪಿ.ಪಿ.ಆರ್. ಪೈಪನ್ನು ಬಿಸಿ ಮಾಡಿ ಬೆಸೆಯಬೇಕು. ಒಂದರ ಅಂಟು ಇನ್ನೊಂದಕ್ಕೆ ಹಾಕಿದರೆ ಆರು ತಿಂಗಳು ಸುಮ್ಮನಿದ್ದು ಆಮೇಲೆ ಗೋಡೆಯೊಳಗೇ ಸೋರುತ್ತದೆ. ಕುಡಿಯುವ ನೀರಿನ ತೊಟ್ಟಿ ನೆಲದಡಿಯಲ್ಲಿ, ಅದರ ಪಕ್ಕದಲ್ಲೇ ಚರಂಡಿಯ ಚೇಂಬರು. ಎರಡರ ನಡುವಿನ ಒಂದು ಕೆಟ್ಟ ಜೋಡಣೆ ಇಡೀ ಸೊಸೈಟಿಗೆ ಕಾಮಾಲೆ ತರಬಲ್ಲದು. ಇಷ್ಟು ಜವಾಬ್ದಾರಿಯ ಕೆಲಸವನ್ನು ಹುಡುಗನೊಬ್ಬ ಅಣ್ಣನ ಹಿಂದೆ ಪಾನಾ ಹಿಡಿದು ತಿರುಗಿಯೇ ಕಲಿಯಬೇಕಾಗಿದೆ. ಕಲಿತದ್ದು ಸರಿಯೇ ಎಂದು ಪರೀಕ್ಷಿಸುವವರಿಲ್ಲ, ಹೊಸತು ಬಂದಾಗ ಹೇಳಿಕೊಡುವವರೂ ಇಲ್ಲ.

ಇನ್ನು ಕಟ್ಟಡ ತಪಾಸಣೆಯ ವಿಷಯ. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳ ಭದ್ರತೆಯನ್ನು ಪಾಲಿಕೆಯಲ್ಲಿ ನೋಂದಾಯಿತ ಸ್ಟ್ರಕ್ಚರಲ್ ಇಂಜಿನಿಯರ್ ಮೂಲಕ ಪರೀಕ್ಷಿಸಿ ಪ್ರಮಾಣಪತ್ರ ಸಲ್ಲಿಸಬೇಕೆಂಬ ನಿಯಮವಿದೆ. ಸಹಕಾರಿ ಗೃಹನಿರ್ಮಾಣ ಸೊಸೈಟಿಗಳ ಮಾದರಿ ಉಪವಿಧಿಗಳಂತೆ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಕಾಗದದಲ್ಲಿ ಚೆನ್ನಾಗಿಯೇ ಇದೆ. ಆದರೆ ಒಂದೇ ಕಟ್ಟಡಕ್ಕೆ ಮಾಲಕನ ಇಂಜಿನಿಯರ್ ಕೂಡಲೇ ಕೆಡವಬೇಕಾದ ಸಿ-1 ವರ್ಗವೆಂದೂ, ಬಾಡಿಗೆದಾರರ ಇಂಜಿನಿಯರ್ ದುರಸ್ತಿ ಸಾಕೆಂದೂ ವರದಿ ಕೊಡುವುದು ಈ ನಗರದಲ್ಲಿ ಮಾಮೂಲಾಗಿದೆ. ಇಂತಹ ತದ್ವಿರುದ್ಧ ವರದಿಗಳನ್ನು ಪರಿಶೀಲಿಸಲು ಪಾಲಿಕೆ ತಾಂತ್ರಿಕ ಸಲಹಾ ಸಮಿತಿಯನ್ನೇ ಇಟ್ಟುಕೊಳ್ಳಬೇಕಾಗಿ ಬಂತು. ಇಬ್ಬರೂ ನೋಂದಾಯಿತರು, ಇಬ್ಬರ ಬಳಿಯೂ ಪರವಾನಿಗೆ ಇದೆ. ಯಾರ ವರದಿ ತಪ್ಪೆಂದು ತೀರ್ಮಾನವಾಯಿತೋ ಅವರ ನೋಂದಣಿಯ ಎದುರು ಆ ಸಂಗತಿ ದಾಖಲಾಗುತ್ತದೆಯೇ, ಮುಂದಿನ ಸೊಸೈಟಿಯವರು ಅದನ್ನು ನೋಡಬಲ್ಲರೇ? ಪುನರ್‌ವಿಕಾಸದ ಆಸೆಯಲ್ಲಿ ಕಟ್ಟಡವನ್ನು ಬೇಕೆಂದೇ ಅಪಾಯಕಾರಿಯೆಂದು ಘೋಷಿಸಿಕೊಳ್ಳುತ್ತಾರೆಂಬ ಬಾಡಿಗೆದಾರರ ಅನುಮಾನಕ್ಕೆ ಇಂಬು ಸಿಗುವುದು ಇಲ್ಲಿಯೇ.

ಆಸ್ಟ್ರೇಲಿಯದ ಮೆಲ್ಬರ್ನ್ ನಗರವಿರುವ ವಿಕ್ಟೋರಿಯ ರಾಜ್ಯದ ಕ್ರಮ ಗಮನಿಸತಕ್ಕದ್ದು. ಅಲ್ಲಿ ಪ್ಲಂಬರ್‌ಗಳಲ್ಲಿ ಎರಡು ಮೆಟ್ಟಿಲು. ನೋಂದಾಯಿತ ಪ್ಲಂಬರ್ ಪರವಾನಿಗೆ ಇರುವವನ ಉಸ್ತುವಾರಿಯಲ್ಲಿ ದುಡಿಯುತ್ತಾನೆ. ಪರವಾನಿಗೆ ಇರುವವನು ವಿಮೆ ಹೊಂದಿರಬೇಕು, 750 ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ಕೆಲಸ ಮಾಡಿದರೆ ನಿಯಮದಂತೆ ಮಾಡಿದ್ದೇನೆಂಬ ಪ್ರಮಾಣಪತ್ರವನ್ನು ಮನೆಯವರಿಗೆ ಕೊಡಬೇಕು. ಯಾರು ನೋಂದಾಯಿತರು, ಯಾರು ಅಲ್ಲ ಎಂಬುದನ್ನು ಜನಸಾಮಾನ್ಯರು ಕಂಪ್ಯೂಟರಿನಲ್ಲಿ ಹುಡುಕಿ ತಿಳಿಯಬಹುದು. ಇಷ್ಟಿದ್ದೂ ಅಲ್ಲಿನ ಹಿಂದಿನ ಪ್ರಾಧಿಕಾರ ಮನೆ ಮಾಲಕರ ದೂರುಗಳಿಗೆ ಸರಿಯಾಗಿ ಕಿವಿಗೊಡಲಿಲ್ಲವೆಂಬ ಕಟು ಟೀಕೆಗೆ ಒಳಗಾಯಿತು. ಕೊನೆಗೆ 2025ರ ಜುಲೈ 1ರಿಂದ ಅದರ ಬದಲು ಕಟ್ಟಡ ಮತ್ತು ಪ್ಲಂಬಿಂಗ್ ಆಯೋಗವೆಂಬ ಹೊಸ ಸಂಸ್ಥೆ ಬಂತು. ನೋಂದಣಿ ಪುಸ್ತಕವೊಂದಿದ್ದರೆ ಎಲ್ಲವೂ ಸರಿಹೋಗುತ್ತದೆಂದು ನಂಬುವವರು ಈ ಎರಡನೇ ಭಾಗವನ್ನೂ ಓದಿಕೊಳ್ಳಬೇಕು.

ಮುಂಬಯಿಗೆ ಅದರ ನಕಲು ಬೇಕಾಗಿಲ್ಲ, ಆದರೆ ಮೂಲ ಆಲೋಚನೆ ಬೇಕು. ಮುಂಬಯಿ ಮಹಾನಗರ ಪ್ರದೇಶದಲ್ಲಿ ಒಂಬತ್ತು ಮಹಾನಗರ ಪಾಲಿಕೆಗಳಿವೆ. ಮುಲುಂಡಿನಲ್ಲಿ ಬೆಳಿಗ್ಗೆ ಪೈಪು ಹಾಕಿದವನು ಸಂಜೆ ಥಾಣೆಯಲ್ಲಿ ಇನ್ನೊಂದು ಮನೆಯ ಕೆಲಸ ಹಿಡಿಯುತ್ತಾನೆ. ಹೀಗಿರುವಾಗ ಪಾಲಿಕೆಗೊಂದು ಪರವಾನಿಗೆ, ಪಾಲಿಕೆಗೊಂದು ಪಟ್ಟಿ ಎಂಬುದಕ್ಕೆ ಅರ್ಥವಿಲ್ಲ. ಇಡೀ ಪ್ರದೇಶಕ್ಕೆ, ಸಾಧ್ಯವಿದ್ದರೆ ಇಡೀ ರಾಜ್ಯಕ್ಕೆ ಒಂದೇ ನೋಂದಣಿ ಇರಬೇಕು. ಅದರಲ್ಲಿ ಸ್ಟ್ರಕ್ಚರಲ್ ಇಂಜಿನಿಯರಿನಿಂದ ಹಿಡಿದು ಗವಂಡಿ, ಸೆಂಟ್ರಿಂಗ್ ಕೆಲಸದವನು, ಪ್ಲಂಬರ್, ವಾಟರ್‌ಪ್ರೂಫಿಂಗ್ ಮಾಡುವವನವರೆಗೆ ಪ್ರತಿಯೊಬ್ಬರಿಗೂ ಅವರವರ ಮಟ್ಟಕ್ಕೆ ತಕ್ಕ ಸಂಖ್ಯೆ ಸಿಗಬೇಕು. ಮಾಡಿದ ಕೆಲಸ ಆ ಸಂಖ್ಯೆಯಡಿ ದಾಖಲಾಗಬೇಕು. ಕೆಲವು ವರ್ಷಕ್ಕೊಮ್ಮೆ ನವೀಕರಣದ ಸಮಯದಲ್ಲಿ ಶುಲ್ಕ ಕಟ್ಟಿಸಿಕೊಂಡು ಮೊಹರು ಒತ್ತುವ ಬದಲು ಹೊಸ ಸಾಮಗ್ರಿಗಳ ಕುರಿತು ಒಂದೆರಡು ದಿನದ ಶಿಬಿರ ನಡೆಸಿದರೆ ಆ ನವೀಕರಣಕ್ಕೊಂದು ಬೆಲೆ ಬರುತ್ತದೆ. ಪರವಾನಿಗೆದಾರನೊಬ್ಬ ತಾನು ಒಂದೇ ಸಮಯದಲ್ಲಿ ಎಷ್ಟು ಕಟ್ಟಡಗಳ ಉಸ್ತುವಾರಿ ನೋಡುತ್ತಿದ್ದೇನೆಂದು ಬಹಿರಂಗಪಡಿಸುವಂತಾದರೆ ಸಹಿ ಮಾರಾಟದ ಅರ್ಧ ವ್ಯಾಪಾರ ತಾನಾಗಿಯೇ ನಿಲ್ಲುತ್ತದೆ. ನೂರು ಕಟ್ಟಡಗಳನ್ನು ಒಬ್ಬನೇ ನೋಡುತ್ತಿದ್ದಾನೆಂಬುದನ್ನು ಯಾರು ನಂಬಿಯಾರು?

ಇದಕ್ಕೆ ಬರುವ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಪರವಾನಿಗೆಯೆಂದರೆ ಲಂಚಕ್ಕೆ ಇನ್ನೊಂದು ಕಿಟಕಿ ಎಂಬುದು ಅನುಭವಸ್ಥರ ಮಾತು. ಹೊಟೇಲು ನಡೆಸಲು ಎಷ್ಟು ಇಲಾಖೆಗಳ ಬಾಗಿಲು ತಟ್ಟಬೇಕೆಂಬುದನ್ನು ಮುಂಬಯಿಯ ತುಳು-ಕನ್ನಡಿಗ ಹೊಟೇಲು ಉದ್ಯಮಿಗಳಿಗೆ ಬೇರೆ ಹೇಳಬೇಕಾಗಿಲ್ಲ. ಬೀದಿ ವ್ಯಾಪಾರಿಗಳ ಹಕ್ಕಿಗಾಗಿ 2014ರಲ್ಲಿ ಕಾಯ್ದೆ ಬಂದರೂ ಮುಂಬಯಿಯಲ್ಲಿ ಸಮೀಕ್ಷೆ, ಪಟ್ಟಿ, ಸಮಿತಿ ಎಂದು ವರ್ಷಗಟ್ಟಲೆ ಎಳೆದದ್ದೂ ಕಣ್ಣೆದುರಿಗಿದೆ. ನಾಕಾದಲ್ಲಿ ಬೆಳಿಗ್ಗೆ ನಿಂತು ಕೂಲಿಗೆ ಕಾಯುವ ಗವಂಡಿಗೆ, ಬಿಗಾರಿಗೆ ಪರವಾನಿಗೆ ಇಲ್ಲವೆಂದು ಪೊಲೀಸನೊಬ್ಬ ಲಾಠಿ ತೋರಿಸುವಂತಾದರೆ ಅದಕ್ಕಿಂತ ಈಗಿನ ಸ್ಥಿತಿಯೇ ಮೇಲು.

ಆದ್ದರಿಂದ ದಂಡನೆ ಬೀಳಬೇಕಾದದ್ದು ಕೆಲಸಕ್ಕೆ ಕರೆಯುವವರ ಮೇಲೆ. ಕಂಟ್ರ್ಯಾಕ್ಟರ್, ಅಂಗಡಿ ಮಾಲಕ, ಫ್ಲ್ಯಾಟಿನ ಒಡೆಯ, ಸೊಸೈಟಿಯ ಸಮಿತಿ ಇವರು ನೋಂದಾಯಿತರನ್ನೇ ನೇಮಿಸಬೇಕೆಂಬ ಹೊಣೆ ಹೊರಬೇಕು. ದುಡಿಯುವವನಿಗೆ ನೋಂದಣಿ ಉಚಿತವಾಗಿ, ಕೆಲಸದ ಸ್ಥಳದಲ್ಲೇ ಸಿಗಬೇಕು. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯ್ದೆಯಿಂದ ಹುಟ್ಟಿದ ಕಲ್ಯಾಣ ಮಂಡಳಿಗಳ ಅನುಭವದಿಂದ ಕಲಿಯಲು ಬಹಳವಿದೆ. ನಿರ್ಮಾಣ ವೆಚ್ಚದ ಮೇಲೆ ಸೆಸ್ ವಸೂಲು ಮಾಡಿ ಕಾರ್ಮಿಕರ ಮಕ್ಕಳ ಶಿಕ್ಷಣ, ಹೆರಿಗೆ, ಪಿಂಚಣಿಗೆ ನೆರವು ಕೊಡುವ ಯೋಜನೆ ಅದು. ಆದರೆ ಫಲಾನುಭವಿಯಾಗಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದೇನೆಂಬ ದಾಖಲೆ ಬೇಕೆಂಬ ಷರತ್ತು ಹಾಕಿದರು. ದಿನಕ್ಕೊಬ್ಬ ಧಣಿಯ ಬಳಿ ದುಡಿಯುವವನಿಗೆ ಆ ಕಾಗದ ಯಾರು ಬರೆದು ಕೊಡಬೇಕು? ಮಾಡಿದ ಪ್ರತಿಯೊಂದು ಕೆಲಸ ಅವನ ಸಂಖ್ಯೆಯಡಿ ದಾಖಲಾಗುವ ವ್ಯವಸ್ಥೆ ಬಂದರೆ ಆ 90 ದಿನದ ಲೆಕ್ಕವೂ ಅಲ್ಲಿಯೇ ಸಿಗುತ್ತದೆ. ನೋಂದಣಿಯಿಂದ ಕಾರ್ಮಿಕನಿಗೇನು ಲಾಭವೆಂದು ಕೇಳುವವರಿಗೆ ಇದೊಂದೇ ಉತ್ತರ ಸಾಕು.

ಈ ಕಾರ್ಮಿಕರಲ್ಲಿ ಕನ್ನಡಿಗರು ಎಷ್ಟೋ ಮಂದಿ. ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಜಿಲ್ಲೆಗಳಿಂದ ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಮುಂಬಯಿ, ಪುಣೆಗೆ ಬಂದು ಕಟ್ಟಡದ ನೆರಳಲ್ಲೇ ಗುಡಿಸಲು ಹಾಕಿಕೊಂಡು ದುಡಿಯುವವರು. ಹೆಂಗಸರು ಬುಟ್ಟಿಯಲ್ಲಿ ಮರಳು ಹೊರುತ್ತಾರೆ, ಗಂಡಸರು ಮುಕಾದಮ ಹೇಳಿದ ಕಡೆ ಹೋಗುತ್ತಾರೆ. ಇಪ್ಪತ್ತು ವರ್ಷ ಗವಂಡಿ ಕೆಲಸ ಮಾಡಿದವನ ಕೈಯಲ್ಲಿ ಅದಕ್ಕೊಂದು ಕಾಗದವಿಲ್ಲ, ಹಾಗಾಗಿ ಕೂಲಿಯೂ ಹೆಚ್ಚುವುದಿಲ್ಲ. ಅನುಭವದಿಂದ ಕಲಿತ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಬಂದಿದೆ. ಆದರೆ ಆ ಪ್ರಮಾಣಪತ್ರವನ್ನು ಯಾವ ಸೊಸೈಟಿಯೂ ಕೇಳುವುದಿಲ್ಲ, ಯಾವ ಪಾಲಿಕೆಯೂ ಕಡ್ಡಾಯ ಮಾಡಿಲ್ಲ. ಕೇಳುವವರಿಲ್ಲದ ಕಾಗದಕ್ಕಾಗಿ ಒಂದು ದಿನದ ಕೂಲಿ ಬಿಡಲು ಯಾರು ತಯಾರಿದ್ದಾರೆ? ಪರೀಕ್ಷೆಯೂ ಬರವಣಿಗೆಯದ್ದಾಗಿರದೆ ಕೈಕೆಲಸದ್ದಾಗಿರಬೇಕು, ಅವರಿಗೆ ತಿಳಿಯುವ ಭಾಷೆಯಲ್ಲಿ ನಡೆಯಬೇಕು. ಮರಾಠಿ, ಹಿಂದಿ ಓದಲಾಗದ ಯಾದಗಿರಿಯ ಗವಂಡಿ ಓಳಂಬ ಹಿಡಿದು ಗೋಡೆ ನೇರ ಇದೆಯೋ ಇಲ್ಲವೋ ಎಂದು ಹೇಳಬಲ್ಲ. ಅಳೆಯಬೇಕಾದದ್ದು ಅದನ್ನು.

ಇಲ್ಲಿ ಕನ್ನಡ ಸಂಘಗಳು ಮಾಡಬಹುದಾದ ಕೆಲಸ ಕಣ್ಣಿಗೆ ಕಾಣುವಂತಿದೆ. ಹೊಟೇಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರನ್ನು ರಾತ್ರಿ ಶಾಲೆಗಳಲ್ಲಿ ಓದಿಸಿ ವಕೀಲರನ್ನಾಗಿ, ಅಧಿಕಾರಿಗಳನ್ನಾಗಿ ಮಾಡಿದ ಪರಂಪರೆ ಮುಂಬಯಿ ಕನ್ನಡಿಗರದ್ದು. ಆ ಶಾಲೆಗಳ ಮುಂದಿನ ತಲೆಮಾರಿನ ವಿದ್ಯಾರ್ಥಿಗಳು ಉತ್ತರ ಕರ್ನಾಟಕದ ಈ ಕಟ್ಟಡ ಕಾರ್ಮಿಕರೇ ಏಕಾಗಬಾರದು? ಸೆಪ್ಟೆಂಬರ್ 15 ಬಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ ಇಂಜಿನಿಯರ್ ದಿನ ಆಚರಿಸುತ್ತಾರೆ. ಪುಣೆಯಲ್ಲಿ ಓದಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲೇ ವೃತ್ತಿ ಆರಂಭಿಸಿದವರು ಅವರು. ಆ ದಿನ ಭಾಷಣ ಅರ್ಧ ಗಂಟೆ ಮೊಟಕುಗೊಳಿಸಿ, ಸಂಘದ ಸಭಾಗೃಹದಲ್ಲಿ ನಿವೃತ್ತ ಇಂಜಿನಿಯರುಗಳಿಂದ ಗವಂಡಿಗಳಿಗೆ, ಪ್ಲಂಬರುಗಳಿಗೆ ಕನ್ನಡದಲ್ಲೊಂದು ಶಿಬಿರ ಏರ್ಪಡಿಸಿದರೆ, ಅರ್ಜಿ ತುಂಬಲು ಇಬ್ಬರು ಯುವಕರನ್ನು ಕೂರಿಸಿದರೆ ಖರ್ಚು ಶಾಲು-ಫಲತಾಂಬೂಲದಷ್ಟೂ ಆಗದು.

ತುಸು ಕಹಿಯಾದ ಮಾತೂ ಒಂದಿದೆ. ನೆಲ ಅಂತಸ್ತಿನ ಹೊಟೇಲು, ಅಂಗಡಿಗಳಲ್ಲಿ ತುಳು-ಕನ್ನಡಿಗರ ಪಾಲು ದೊಡ್ಡದು. ಎರಡು ಟೇಬಲು ಹೆಚ್ಚು ಹಾಕಲು, ಅಡುಗೆ ಕೋಣೆಯ ಮೋರಿಯನ್ನು ಹಿಂದಕ್ಕೆ ಸರಿಸಲು, ಮಾಳಿಗೆ ಹಾಕಿ ಸಾಮಾನು ತುಂಬಿಸಲು ಗೋಡೆ ಮುಟ್ಟದ ಹೊಟೇಲು ಸಿಗುವುದು ಕಷ್ಟ. ಬಹಳ ಸಲ ಅದರಲ್ಲಿ ಅಪಾಯವಿರಲಿಕ್ಕಿಲ್ಲ. ಆದರೆ ಯಾವುದರಲ್ಲಿ ಅಪಾಯವಿದೆ, ಯಾವುದರಲ್ಲಿ ಇಲ್ಲ ಎಂದು ಹೇಳಬಲ್ಲವರನ್ನು ಮೊದಲೇ ಕರೆದು ತೋರಿಸಿದವರು ಎಷ್ಟು ಮಂದಿ? ಒಂದು ಒಲೆಯ ಬೆಲೆಗಿಂತ ಕಡಿಮೆ ಶುಲ್ಕದಲ್ಲಿ ಸಿಗುವ ಸಲಹೆ ಅದು.

ಹಾಗೆಯೇ ಮುಂಬಯಿಯ ನೂರಾರು ಸೊಸೈಟಿಗಳಲ್ಲಿ ಚೇರ್ಮನ್, ಸೆಕ್ರೆಟರಿ, ಖಜಾಂಚಿಗಳಾಗಿ ತುಳು-ಕನ್ನಡಿಗರಿದ್ದಾರೆ. ಲೆಕ್ಕಪತ್ರ ಚೊಕ್ಕವಾಗಿ ಇಡುತ್ತಾರೆಂಬ ಹೆಸರೂ ಅವರಿಗಿದೆ. ಫ್ಲ್ಯಾಟಿನ ನವೀಕರಣಕ್ಕೆ ಅನುಮತಿ ಕೋರುವ ಅರ್ಜಿ ಮೊದಲು ಬರುವುದು ಅವರ ಮೇಜಿಗೆ. ಆ ಅರ್ಜಿಯಲ್ಲಿ ಸಾಮಾನ್ಯವಾಗಿ ಸದಸ್ಯನ ಹೆಸರು, ಫ್ಲ್ಯಾಟಿನ ಸಂಖ್ಯೆ, ಠೇವಣಿಯ ಮೊತ್ತ, ಡೆಬ್ರಿಸ್ ಎಲ್ಲಿ ಹಾಕಬೇಕು, ಲಿಫ್ಟ್ ಎಷ್ಟು ಗಂಟೆಯವರೆಗೆ ಬಳಸಬಹುದು ಎಂಬ ಅಂಕಣಗಳಿರುತ್ತವೆ. ಕೆಲಸ ಮಾಡುವ ಗುತ್ತಿಗೆದಾರ, ಪ್ಲಂಬರ್ ಯಾರು, ಅವರ ಪರವಾನಿಗೆ ಅಥವಾ ಪ್ರಮಾಣಪತ್ರ ಯಾವುದು, ಗೋಡೆ ಮುಟ್ಟುವುದಿದ್ದರೆ ನೋಡಿ ಒಪ್ಪಿದ ಇಂಜಿನಿಯರ್ ಯಾರು, ಬಚ್ಚಲಿಗೆ ನೀರು ನಿಲ್ಲಿಸಿ ಪರೀಕ್ಷಿಸಿದ ದಿನಾಂಕ ಯಾವುದು ಎಂಬ ನಾಲ್ಕು ಅಂಕಣಗಳನ್ನು ಸೇರಿಸಲು ಯಾವ ಸರಕಾರದ ಆದೇಶವೂ ಬೇಕಾಗಿಲ್ಲ. ಸೊಸೈಟಿಗಳ ವಾರ್ಷಿಕ ಮಹಾಸಭೆಗಳು ಸೆಪ್ಟೆಂಬರ್ 30ರೊಳಗೆ ಜರಗಬೇಕು. ನೋಟೀಸು ಅಚ್ಚಾಗುವ ಮುನ್ನ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಳ್ಳಬಹುದು.